ಆಪ್ತಸಲಹೆ ಪ್ರಕರಣ: ರಾತ್ರಿ ಎರಡು ಗಂಟೆಯ ಪಾಸ್‌ಪೋರ್ಟ್

(ಹೆಸರು, ವಯಸ್ಸು, ಊರಿನ ಗುರುತು ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ರೇಖಾ ಅಂತ ಕರೆಯೋಣ. 34 ವರ್ಷ. ಮೂಡಿಗೆರೆ ಕಡೆಯ ಹಳ್ಳಿ. ಗಂಡನಿಗೆ ನಾಲ್ಕು ಎಕರೆ ಕಾಫಿ ತೋಟ. ಮನೆಯಲ್ಲಿ ಅತ್ತೆ, ಏಳು ವರ್ಷದ ಮಗ. ಚಿಕ್ಕಮಗಳೂರಿನ ನನ್ನ ಕೋಣೆಗೆ ಅವರು ಬಂದಿದ್ದು ಜೂನ್ ತಿಂಗಳ ಒಂದು ಮಳೆಯ ದಿನ. ಕೊಡೆಯನ್ನು ಮೂಲೆಗೆ ಒರಗಿಸಿ ಕೂತರು. ಮತ್ತೆ ಎದ್ದು ಹೋಗಿ, ಕೊಡೆ ಸರಿಯಾಗಿ ನಿಂತಿದೆಯಾ ನೋಡಿ ಬಂದರು. ಅದು ನನ್ನ ಕಣ್ಣಿಗೆ ಬಿತ್ತು, ಬರೆದುಕೊಳ್ಳಲಿಲ್ಲ. ಬರೆದುಕೊಂಡಿದ್ದರೆ ಎರಡು ವಾರ ಉಳಿಯುತ್ತಿತ್ತು.

ರೇಖಾ ಅವರ ಕೆಲಸ ಏನು ಅಂದರೆ, ಹವಾಮಾನ ಬದಲಾವಣೆಯಿಂದ ಜನರ ಆರೋಗ್ಯಕ್ಕೆ ಏನಾಗುತ್ತದೆ ಎಂದು ನೋಡುವ ಜಿನೀವಾದ ಒಂದು ಕಚೇರಿಗೆ ಮನೆಯಿಂದಲೇ ಆಡಳಿತ ಸಹಾಯಕಿ. ಸಭೆ ಗೊತ್ತು ಮಾಡುವುದು, ನಡಾವಳಿ ಬರೆಯುವುದು, ಟಿಕೆಟ್, ಹೋಟೆಲ್, ವೀಸಾಕ್ಕೆ ಬೇಕಾದ ಆಹ್ವಾನ ಪತ್ರ, ಪ್ರಯಾಣದ ಬಿಲ್ಲು. ಬೇಸಿಗೆಯಲ್ಲಿ ಜಿನೀವಾ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಅಲ್ಲಿ ಬೆಳಿಗ್ಗೆ 9 ಆದಾಗ ಇವರಿಗೆ ಮಧ್ಯಾಹ್ನ 12.30. ಬೆಳಿಗ್ಗೆ ಪೂರ್ತಿ ಅಡುಗೆ ಮನೆ, ಮಗನ ಶಾಲೆ. ಆಮೇಲೆ ಕೆಲಸ. ಮಳೆ ಹಿಡಿದರೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಅತ್ತೆಯ ಲೆಕ್ಕದಲ್ಲಿ ಮಾತ್ರ ಸೊಸೆ "ಮನೇಲೇ ಇರ್ತಾಳೆ".

ನಿದ್ದೆ ಇಲ್ಲ, ಎದೆ ಬಿಗಿಯುತ್ತದೆ, ರಾತ್ರಿ ಎರಡಕ್ಕೆ ಎಚ್ಚರ ಆಗುತ್ತದೆ ಎಂದರು. "ದಿನಾ ಸಾವಿನ ಲೆಕ್ಕಾನೇ ಟೈಪ್ ಮಾಡ್ತೀನಿ ಮೇಡಂ" ಅಂತಲೂ ಹೇಳಿದರು. 2030ರಿಂದ 2050ರವರೆಗೆ ಹವಾಮಾನ ಬದಲಾವಣೆಯಿಂದ ವರ್ಷಕ್ಕೆ ಸುಮಾರು 2.5 ಲಕ್ಷ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿದೆ. ಅಪೌಷ್ಟಿಕತೆ, ಮಲೇರಿಯಾ, ಅತಿಸಾರ, ಬಿಸಿಲಿನ ಝಳ, ಈ ನಾಲ್ಕರಿಂದಲೇ ಅಷ್ಟು. ಆ ಸಾಲು ಅವರಿಗೆ ಬಾಯಿಪಾಠ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲೂಕಿನಲ್ಲಿ ಗುಡ್ಡ ಕುಸಿದಿದ್ದನ್ನು ಹತ್ತಿರದಿಂದ ಕಂಡವರು ಬೇರೆ. ನಾನು ತಕ್ಷಣ 'ಹವಾಮಾನದ ಆತಂಕ' ಅಂತ ತೀರ್ಮಾನಿಸಿಬಿಟ್ಟೆ. ಉಸಿರಾಟದ ಅಭ್ಯಾಸ ಹೇಳಿಕೊಟ್ಟು, ಸುದ್ದಿ ಓದುವುದು ಕಡಿಮೆ ಮಾಡಿ ಎಂದು ಕಳಿಸಿದೆ.

ಎರಡು ವಾರ ಬಿಟ್ಟು ಬಂದರು. ಒಂದು ಚೂರೂ ಬದಲಾಗಿರಲಿಲ್ಲ. ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಆಗ ಕೇಳಿದೆ.

"ಎರಡು ಗಂಟೆಗೆ ಎದ್ದು ಏನು ಮಾಡ್ತೀರಿ?"

"ಪಾಸ್‌ಪೋರ್ಟ್ ನೋಡ್ತೀನಿ."

"ಯಾರದ್ದು?"

"ಎಲ್ಲರದ್ದೂ."

ವಿಷಯ ಅಲ್ಲಿತ್ತು. ಜನವರಿಯಲ್ಲಿ ಒಂದು ಸಭೆಗೆ ದೂರದ ದೇಶದಿಂದ ಒಬ್ಬ ನರ್ಸ್ ಬಂದು ಮಾತಾಡಬೇಕಿತ್ತು. ಆಹ್ವಾನ ಪತ್ರದಲ್ಲಿ ಆ ನರ್ಸ್ ಹೆಸರನ್ನು ರೇಖಾ ಹಿಂದುಮುಂದು ಮಾಡಿದ್ದರು. ಇಟ್ಟ ಹೆಸರು ಕುಟುಂಬದ ಹೆಸರಿನ ಜಾಗಕ್ಕೆ ಹೋಗಿತ್ತು. "ನಮ್ಮಲ್ಲಿ ಸರ್‌ನೇಮ್ ಎಲ್ಲಿದೆ ಮೇಡಂ, ಇನಿಷಿಯಲ್ ತಾನೇ?" ಸ್ವಿಟ್ಜರ್‌ಲೆಂಡಿಗೆ ಹೋಗಲು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಒಂದೇ ವೀಸಾ, ಬೇಕು. ಹೊರಡುವುದಕ್ಕೆ ಕನಿಷ್ಠ 15 ದಿನ ಮೊದಲು ಅರ್ಜಿ ಹೋಗಿರಬೇಕು. ಪತ್ರ ತಿದ್ದಿ ಕಳಿಸುವಷ್ಟರಲ್ಲಿ ಆ ಗಡುವು ದಾಟಿತ್ತು. ನರ್ಸ್ ಬರಲಿಲ್ಲ. ಕಚೇರಿಯಲ್ಲಿ ಯಾರೂ ಬೈಯಲಿಲ್ಲ. ಮೇಲಿನವರು ಎರಡು ಸಾಲು ಬರೆದು ಸುಮ್ಮನಾದರು. ಬೈದಿದ್ದರೆ ವಾಸಿ ಇತ್ತೇನೋ.

ಅಲ್ಲಿಂದ ಶುರುವಾಯಿತು ನೋಡುವುದು. ಕಳಿಸುವ ಮುಂಚೆ ಹತ್ತು ಸಲ, ಕಳಿಸಿದ ಮೇಲೆ ಇಪ್ಪತ್ತು ಸಲ. ಆಮೇಲೆ ಮನೆ ಬಾಗಿಲು, ಗ್ಯಾಸ್, ಕೊಡೆ.

ನಾನು ಅವರಿಗೆ ಮೊದಲು ಹೇಳಿದ್ದು ಇದು. ಜಾಸ್ತಿ ಸಲ ನೋಡಿದರೆ ಧೈರ್ಯ ಬರುವುದಿಲ್ಲ. ನೋಡಿದಷ್ಟೂ, ನೋಡಿದ ನೆನಪೇ ಮಸುಕಾಗುತ್ತದೆ. ಗ್ಯಾಸ್ ಒಂದು ಸಲ ತಿರುಗಿಸಿದವರಿಗೆ ಗೊತ್ತಿರುತ್ತದೆ. ಹತ್ತು ಸಲ ತಿರುಗಿಸಿದವರಿಗೆ ಯಾವುದು ಇವತ್ತಿನದು, ಯಾವುದು ನಿನ್ನೆಯದು ಅಂತಲೇ ತಿಳಿಯುವುದಿಲ್ಲ. ಇದು ಗೀಳಿನ ದಾರಿ ಹಿಡಿದಿದೆ ಅನ್ನಿಸಿತು. ಆದರೆ ಕಾಯಿಲೆಗೆ ಹೆಸರಿಡುವುದು ಮನೋವೈದ್ಯರ ಕೆಲಸ, ನನ್ನದಲ್ಲ. ಆರು ವಾರದಲ್ಲಿ ತಗ್ಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ನೋಡಲೇಬೇಕು ಎಂದು ಆ ದಿನವೇ ಒಪ್ಪಿಸಿಕೊಂಡೆ. ಮಧ್ಯರಾತ್ರಿ ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ ಎಂದೆ.

ಮೂರನೇ ಸಲಕ್ಕೆ ಗಂಡನೂ ಬಂದಿದ್ದರು. ಜಾಸ್ತಿ ಮಾತಿನವರಲ್ಲ. ಎಲ್ಲ ಕೇಳಿಸಿಕೊಂಡು ಹೆಂಡತಿಯ ಕಡೆ ತಿರುಗಿದರು. "ಎಂತ ಮಾರಾಯ್ತಿ, ನಂದು ಹನ್ನೆರಡು ಮೂಟೆ ಕಾಫಿ ಕಣದಲ್ಲೇ ನೆಂದಿದ್ದು ಮರೆತ್ಯಾ? ಆಮೇಲೆ ನಾನೂ ಒಂದು ತಿಂಗಳು ರಾತ್ರಿ ಎದ್ದು ಎದ್ದು ಆಕಾಶ ನೋಡ್ತಿದ್ದೆ. ಆಕಾಶ ನೋಡಿದ್ರೆ ಮಳೆ ನಿಲ್ಲುತ್ತಾ? ಕೊನೆಗೆ ಟಾರ್ಪಾಲ್ ತಂದೆ."

ನಾನು ಎರಡು ಸಲ ಕೂರಿಸಿಕೊಂಡು ಹೇಳಿದ್ದಕ್ಕಿಂತ ಇದು ಚೆನ್ನಾಗಿ ನಾಟಿತು. ಅಲ್ಲಿಂದ ಮುಂದೆ ನಮ್ಮ ಮಾತಿನಲ್ಲಿ ಅದಕ್ಕೆ ಟಾರ್ಪಾಲ್ ಅಂತಲೇ ಹೆಸರು. ಈ ಕೆಲಸಕ್ಕೆ ಟಾರ್ಪಾಲ್ ಯಾವುದು?

ಒಂದನ್ನು ರೇಖಾ ಅವರೇ ತೋರಿಸಿದರು. ಪಾಸ್‌ಪೋರ್ಟಿನ ಫೋಟೊ ಪುಟದ ಕೆಳಗೆ ಎರಡು ಸಾಲು ಇರುತ್ತವಲ್ಲ, ಒಂದೊಂದರಲ್ಲಿ 44 ಅಕ್ಷರ-ಗುರುತು. ಮೇಲಿನ ಸಾಲಿನಲ್ಲಿ ದೇಶದ ಮೂರಕ್ಷರ ಆದ ಮೇಲೆ ಕುಟುಂಬದ ಹೆಸರು, ಆಮೇಲೆ ಬಾಣದ ತಲೆಯಂಥ ಎರಡು ಗುರುತು, ಆಮೇಲೆ ಇಟ್ಟ ಹೆಸರು. ನನ್ನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಇಷ್ಟು ವರ್ಷ ಅದು ಏನೋ ಯಂತ್ರದ ಭಾಷೆ ಅಂದುಕೊಂಡಿದ್ದೆ! ಆ ಸಾಲನ್ನು ಒಂದೇ ಸಲ, ಬಾಯಿಬಿಟ್ಟು, ಬೆರಳಿಟ್ಟು ಓದುವುದು. ಕಾಗದದ ಮೇಲೆ ಗುರುತು ಹಾಕುವುದು. ಅಲ್ಲಿಗೆ ಮುಗಿಯಿತು. ಮತ್ತೆ ನೋಡಬೇಕು ಅನ್ನಿಸಿದರೆ ಗಂಟೆ ಎಷ್ಟು ಅಂತ ಬರೆದು ಹದಿನೈದು ನಿಮಿಷ ತಡೆಯುವುದು. ಮೊದಲ ವಾರ ಅಳು ಬಂತಂತೆ.

ಇನ್ನೊಂದು ಟಾರ್ಪಾಲ್ ಕಷ್ಟವಾಯಿತು. ಪ್ರಯಾಣ ಮಾಡುವವರಿಗೇ ಹೆಸರು ಕಳಿಸಿ ಕೇಳುವುದು. "ದೊಡ್ಡ ದೊಡ್ಡ ಡಾಕ್ಟರುಗಳಿಗೆ ನಾನು 'ನೋಡಿ ಹೇಳಿ' ಅಂತ ಬರೆಯೋದಾ? ಇವಳಿಗೆ ಕೆಲಸ ಬರಲ್ಲ ಅಂದ್ಕೊಳ್ತಾರೆ." ಅವರದು ವರ್ಷವರ್ಷ ಮುಂದುವರಿಸುವ ಗುತ್ತಿಗೆ. ಆ ಹೆದರಿಕೆ ಸುಳ್ಳು ಅಂತ ನಾನು ಹೇಳಲಿಲ್ಲ, ಸುಳ್ಳಲ್ಲ ಅದು. ಆದರೆ ಒಬ್ಬರೇ ಬರೆದು, ಅದನ್ನು ಒಬ್ಬರೇ ನೋಡುವ ಏರ್ಪಾಡಿನಲ್ಲಿ ತಪ್ಪು ಬರಲೇಬೇಕು, ಅದು ಕಚೇರಿಯ ಕೊರತೆ ಎಂದೆ. ಕೂತಲ್ಲೇ ಇಬ್ಬರೂ ಸೇರಿ ಬರೆದೆವು: "ನಿಮ್ಮ ಹೆಸರನ್ನು ಹೀಗೆ ಬರೆದಿದ್ದೇನೆ. ದಯವಿಟ್ಟು ಪಾಸ್‌ಪೋರ್ಟಿನ ಜತೆ ಹೋಲಿಸಿ ಉತ್ತರ ಕೊಡಿ. ಉತ್ತರ ಬಂದ ಮೇಲೆ ಪತ್ರ ಹೊರಡುತ್ತದೆ." ಕ್ಷಮಿಸಿ, ದಯವಿಟ್ಟು, ತೊಂದರೆ ಕೊಡುತ್ತಿದ್ದೇನೆ, ಎಲ್ಲ ಹೊಡೆದು ಹಾಕಿಸಿದೆ. ಒಂದು 'ದಯವಿಟ್ಟು' ಮಾತ್ರ ಹಠ ಮಾಡಿ ಉಳಿಸಿಕೊಂಡರು.

ಲ್ಯಾಪ್‌ಟಾಪ್ ರಾತ್ರಿ ಗಂಡನ ಬೀರುವಿನಲ್ಲಿ. ಬೀಗದ ಕೈ ಅವರ ಹತ್ತಿರ. ಇದು ಪುಸ್ತಕದಲ್ಲಿಲ್ಲದ ಉಪಾಯ, ಎಲ್ಲ ಮನೆಗೂ ಹೊಂದುವುದಿಲ್ಲ. ಇಲ್ಲಿ ನಡೆಯಿತು. ಅತ್ತೆಗೆ ಸೊಸೆಯ ಕೆಲಸದ ಹೊತ್ತನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದು ತೋರಿಸಲು ಗಂಡನಿಗೇ ಹೇಳಿದೆ. ಅದು ಅರ್ಧಂಬರ್ಧ ಆಯಿತು.

ಆರನೇ ವಾರ ಬಂದಾಗ ಕೊಡೆಯನ್ನು ಒಂದೇ ಸಲ ಇಟ್ಟರು. ಎರಡು ಗಂಟೆಯ ಎಚ್ಚರ ಪೂರ್ತಿ ಹೋಗಿರಲಿಲ್ಲ, ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿತ್ತು. ಮನೋವೈದ್ಯರ ಹತ್ತಿರ ಹೋಗುವ ಮಾತನ್ನು ಇನ್ನೊಂದು ತಿಂಗಳು ಮುಂದೆ ಹಾಕಿದೆವು. ಏಳುವ ಮುಂಚೆ ಫೋನಿನಲ್ಲಿ ಒಂದು ಉತ್ತರ ತೋರಿಸಿದರು. ಯಾವುದೋ ದೇಶದ ವಿಜ್ಞಾನಿ. ಅವರ ಹೆಸರಿನಲ್ಲಿ ಒಂದು ಅಕ್ಷರ ಇವರು ತಪ್ಪು ಬರೆದಿದ್ದರು. ಆತ ತಿದ್ದಿ, ಕೇಳಿದ್ದು ಒಳ್ಳೇದಾಯಿತು ಎಂದು ಬರೆದಿದ್ದರು.

"ಮತ್ತೆ ತಪ್ಪು ಮಾಡಿದೆ ನೋಡಿ ಮೇಡಂ" ಎಂದು ನಕ್ಕರು. ಆ ರಾತ್ರಿ ನಿದ್ದೆ ಬಂತಾ ಅಂತ ಕೇಳಿದೆ. ಬಂತು, ಬೆಳಿಗ್ಗೆ ಮಗನ ಶಾಲೆ ವ್ಯಾನ್ ಹಾರ್ನ್ ಹೊಡೆದಾಗಲೇ ಎಚ್ಚರ ಆಗಿದ್ದು ಎಂದರು.