ವಿಮಾನ ಕುಲುಕಾಡುವಾಗ ಇಂಜಿನ್ ಸೌಂಡು ಯಾಕೆ ಏರಿಳಿಯುತ್ತೆ?

ಪ್ರಶ್ನೆ: ಸಾರ್, ವಿಮಾನ ಮೋಡದಲ್ಲಿ ಕುಲುಕಾಡುವಾಗ ಇಂಜಿನ್ ಸೌಂಡು ಒಂದ್ಸಲ ಜೋರಾಗುತ್ತೆ, ಒಂದ್ಸಲ ತಗ್ಗುತ್ತೆ. ಅದು ಪೈಲಟ್ ಮಾಡೋದಾ, ಕಂಪ್ಯೂಟರ್ ಮಾಡೋದಾ? ಗಾಳಿ ಹಾಗೆ ಹೊಡೀತಿದ್ರೆ ಕಂಪ್ಯೂಟರ್‌ಗೆ ಗೊಂದಲ ಆಗಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹೆಚ್ಚಿನ ಸಲ ಅದು ಆಟೋಥ್ರಾಟಲ್ ಕೆಲಸ. ಇಷ್ಟು ಸ್ಪೀಡ್ ಇರ್ಲಿ ಅಂತ ಪೈಲಟ್ ಸೆಟ್ ಮಾಡಿಟ್ರೆ ಅದಕ್ಕೆ ಬೇಕಾದ ಪವರನ್ನ ಅದೇ ಕೊಡುತ್ತೆ. ಬೋಯಿಂಗಲ್ಲಿ ಇಂಜಿನ್ ಪವರ್ ಏರಿಸಿ ಇಳಿಸೋ ಲಿವರ್ ತಾನಾಗೇ ಹಿಂದೆ ಮುಂದೆ ಸರಿಯೋದು ಕಾಣುತ್ತೆ, ಏರ್‌ಬಸ್ಸಲ್ಲಿ ಪವರ್ ಬದಲಾದ್ರೂ ಲಿವರ್ ಅಲ್ಲಾಡಲ್ಲ.

ಗೊಂದಲದ ಬಗ್ಗೆ ನಿಮ್ಮ ಅನುಮಾನ ಸರಿಯಾಗೇ ಇದೆ. ಸ್ಪೀಡ್ ಗೊತ್ತಾಗೋದು ವಿಮಾನದ ಮೂತಿ ಹತ್ರ ಇರೋ ಪಿಟೋ ಟ್ಯೂಬಿಂದ, ಅದರೊಳಗೆ ನುಗ್ಗೋ ಗಾಳಿಯ ಒತ್ತಡ ನೋಡಿ. ಎದುರಿಂದ ಗಾಳಿ ಜೋರಾಗಿ ಬಡಿದ್ರೆ ಮೀಟರ್ ತಟ್ಟಂತ ಮೇಲೇರುತ್ತೆ, ಮರುಕ್ಷಣ ಕೆಳಗಿಳಿಯುತ್ತೆ. ಅದರ ಬೆನ್ನು ಹತ್ತಿದ್ರೆ ಕೆಲಸ ಕೆಟ್ಟಂಗೇನೇ, ಯಾಕಂದ್ರೆ ಜೆಟ್ ಇಂಜಿನ್ ಪವರ್ ಏರೋಕೇ ಕೆಲವು ಸೆಕೆಂಡ್ ಬೇಕು, ಅಷ್ಟರಲ್ಲಿ ಗಾಳಿ ಉಲ್ಟಾ ಆಗಿರುತ್ತೆ. ಅದಕ್ಕೇ ಆಟೋಥ್ರಾಟಲ್ ಪಿಟೋ ರೀಡಿಂಗ್ ಒಂದನ್ನೇ ನಂಬದೆ, ವಿಮಾನ ನಿಜಕ್ಕೂ ವೇಗ ಹೆಚ್ಚಿಸ್ಕೊಳ್ತಿದೆಯಾ ಇಲ್ವಾ ಅಂತ ವೇಗದ ಬದಲಾವಣೆ ಅಳೆಯೋ ಆಕ್ಸಿಲರೋಮೀಟರ್‌ನಿಂದಲೂ ತಿಳ್ಕೊಂಡು ಎರಡನ್ನೂ ಬೆರೆಸಿ ಲೆಕ್ಕ ಹಾಕುತ್ತೆ, ಬಂದು ಹೋಗೋ ಜಿಗಿತಗಳು ಸೋಸಿ ಹೋಗ್ತವೆ, ಸ್ವಲ್ಪ ಹೊತ್ತು ನಿಲ್ಲೋ ಬದಲಾವಣೆಗೆ ಮಾತ್ರ ಪವರ್ ಬದಲಾಗುತ್ತೆ.

ಲ್ಯಾಂಡಿಂಗಿಗೆ ಇಳಿಯುವಾಗಿನ ಲೆಕ್ಕ ಇನ್ನೂ ಚೆನ್ನಾಗಿದೆ, ನನಗೆ ಇದರಲ್ಲಿ ತುಂಬ ಇಷ್ಟ ಆಗೋ ಭಾಗ ಇದೇ. ಬೋಯಿಂಗ್ ವಿಮಾನಗಳಲ್ಲಿ ಸ್ಪೀಡ್ ತಗ್ಗಿದ್ರೆ ಆಟೋಥ್ರಾಟಲ್ ಬೇಗ ಪವರ್ ಕೊಡುತ್ತೆ, ಸ್ಪೀಡ್ ಜಾಸ್ತಿಯಾದ್ರೆ ನಿಧಾನಕ್ಕೆ ಇಳಿಸುತ್ತೆ. ನೆಲದ ಹತ್ರ ಸ್ಪೀಡ್ ಕಮ್ಮಿಯಾಗೋದೇ ದೊಡ್ಡ ಅಪಾಯ ಅಲ್ವಾ, ಹಂಗಾಗಿ ಬೇಕಂತಲೇ ಹೀಗೆ ಮಾಡಿದ್ದಾರೆ, ಗಾಳಿ ಜಾಸ್ತಿ ಇದ್ದಾಗ ಸರಾಸರಿ ಸ್ಪೀಡು ಸೆಟ್ ಮಾಡಿದ್ದಕ್ಕಿಂತ ಚೂರು ಮೇಲೇ ಇರುತ್ತೆ. ಇಳಿಯುವಾಗಲೂ ಸೌಂಡು ಏರಿಳಿಯೋದು ಕೇಳಿಸಿದ್ರೆ ಅದು ಇದೇ ಇರ್ಬೇಕು.

ತೀರಾ ಜೋರು ಟರ್ಬುಲೆನ್ಸ್ ಇದ್ರೆ ಮಾತ್ರ ಪೈಲಟ್‌ಗಳೇ ಇದನ್ನ ಆಫ್ ಮಾಡ್ತಾರೆ. ಬೋಯಿಂಗ್ 737 ಎನ್‌ಜಿ ಮಾದರಿಯಲ್ಲಿ ಆಗ ಇಟ್ಕೊಳ್ಳೋ ಸ್ಪೀಡು 280 ನಾಟ್ (ವಿಮಾನದ ವೇಗದ ಅಳತೆ) ಅಥವಾ ಮ್ಯಾಕ್ 0.76 (ಶಬ್ದದ ವೇಗದ ಶೇ. 76), ಎರಡರಲ್ಲಿ ಯಾವುದು ಕಮ್ಮಿಯೋ ಅದು. ಅದಕ್ಕೆ ತಕ್ಕ ಪವರ್ ಕೈಯಾರೆ ಸೆಟ್ ಮಾಡಿ ಬಿಟ್ಟುಬಿಡೋದು, ಮೀಟರ್ ಸ್ವಲ್ಪ ಆಚೀಚೆ ಓಲಾಡಿದ್ರೂ ಲಿವರ್ ಮುಟ್ಟಲ್ಲ. ಏರ್‌ಬಸ್ಸಲ್ಲೂ ಪವರ್ ಅತಿಯಾಗಿ ಏರಿಳಿದ್ರೆ ಆಟೋಥ್ರಸ್ಟ್ (ಆಟೋಥ್ರಾಟಲ್‌ಗೆ ಏರ್‌ಬಸ್ ಇಟ್ಟ ಹೆಸರು) ಆಫ್ ಮಾಡ್ತಾರೆ. ಹಾಗಾಗಿ ಕುಲುಕಾಟ ವಿಪರೀತ ಇದ್ರೂ ಇಂಜಿನ್ ಸೌಂಡು ಒಂದೇ ಸಮ ಕೇಳಿಸ್ತಿದ್ರೆ ಗಾಬರಿ ಬೇಡ, ಪೈಲಟ್ ಪವರ್ ಸೆಟ್ ಮಾಡಿ ಬಿಟ್ಟಿರಬಹುದು.