ನಿಂಬಿರಸದ ಡಾಟ್ ಡಲ್ ಆತು ಅಂದ್ರ ನೀರಾಗ ಫ್ಲೋರೈಡ್ ಐತೇನ್ರಿ?

ಪ್ರಶ್ನೆ: ನಮ್ಮದು ಮುಂಡರಗಿ ತಾಲೂಕಿನ ಹಳ್ಳಿರಿ, ಬೋರ್ ನೀರ ಕುಡಿಯೂದು. ಹುಡುಗ್ರ ಹಲ್ಲು ಕಂದು ಆಗ್ಯಾವು, ನೀರಾಗ ಫ್ಲೋರೈಡ್ ಹೆಚ್ಚಾದ್ರ ಹಿಂಗ ಆಗ್ತೈತಂತ. ನನ್ನ ತಮ್ಮ ಧಾರವಾಡದಾಗ ಎಮ್ಮೆಸ್ಸಿ ಕೆಮಿಸ್ಟ್ರಿ ಮಾಡಾಕತ್ತಾನ, ನಿಂಬಿರಸದಿಂದ ಕ್ವಾಂಟಂ ಡಾಟ್ (ಯುವಿ ಲೈಟಿಗೆ ಹೊಳಿಯೂ ಭಾಳ ಸಣ್ಣ ಕಣ) ಮಾಡಿ ಅದಕ್ಕ ನಮ್ಮ ನೀರು ಹಾಕಿದ್ರ ಬೆಳಕು ಡಲ್ ಆತಂತ. ಹಂಗಾರ ಫ್ಲೋರೈಡ್ ಗ್ಯಾರಂಟಿನ?

ಉತ್ತರ: ಗ್ಯಾರಂಟಿ ಇಲ್ರಿ. ತಮ್ಮ ಮಾಡಿದ್ದು ಖರೇನ, ಗಟ್ಟಿ ಮುಚ್ಚಳದ ಡಬ್ಬಿಯೊಳಗ ನಿಂಬಿರಸ ಹಾಕಿ ಓವನ್ನಿನಾಗ 180-200 ಡಿಗ್ರಿಗೆ ತಾಸುಗಟ್ಲೆ ಇಟ್ರ ಕಂದು ನೀರಾಗ್ತೈತಿ, ಅದ್ರಾಗ 10 ನ್ಯಾನೊಮೀಟರಿಗಿಂತ ಸಣ್ಣ ಕಾರ್ಬನ್ ಕಣ, ಅಂಗಡ್ಯಾಗ ನೋಟು ಚೆಕ್ ಮಾಡೂ ಯುವಿ ಲೈಟ್ ಬಿಟ್ರ ನೀಲಿ ಹೊಳೀತಾವ. (ಮನಿ ಕುಕ್ಕರಿನಾಗ ನೋಡ್ಬ್ಯಾಡ್ರಿ, ಅಷ್ಟು ಕಾವು ಬರಂಗಿಲ್ಲ.) 2023ರಾಗ ಕ್ವಾಂಟಂ ಡಾಟಿಗೆ ಕೆಮಿಸ್ಟ್ರಿ ನೊಬೆಲ್ ಬಂತಲ್ಲ, ಅದು ಇವುಕ್ಕಲ್ಲ, ಕ್ಯಾಡ್ಮಿಯಂ ಸೆಲೆನೈಡ್ ಅಂಥಾ ಡಾಟಿಗೆ. ಆ ಕ್ಯಾಡ್ಮಿಯಂ ವಿಷದ ಲೋಹ, ಕುಡಿಯೂ ನೀರಾಗ ಲೀಟರಿಗೆ 0.003 ಮಿಲಿಗ್ರಾಂ ದಾಟಬಾರದು, ನೀರು ಟೆಸ್ಟ್ ಮಾಡಾಕ ಅದನ್ನ ತರೂದು ನನಗಂತೂ ಸೇರಂಗಿಲ್ಲ.

ಈಗ ನಿಮ್ಮ ನೀರಿಂದು. ಇಂಥಾ ಕಾರ್ಬನ್ ಡಾಟಿನ ಬೆಳಕು ಭಾಳ ಮಾಡಿ ಆರಿಸೂದು ಫ್ಲೋರೈಡ್ ಅಲ್ಲ, ಕಬ್ಬಿಣ. ಬೋರಿಂದ ತಂದಾಗ ತಿಳಿ ಇದ್ದು ಬಕೇಟಿನಾಗ ರಾತ್ರಿ ಬಿಟ್ರ ತಳಕ್ಕ ಕೆಂಪು ಕೂಡ್ತೈತಲ್ಲ, ಅದನ್ರಿ. ತಾಮ್ರ, ಪಾದರಸನೂ ಹಂಗ ಮಾಡ್ತಾವ. ಫ್ಲೋರೈಡ್ ಹಿಡೀಬೇಕಂದ್ರ ನಡುವ ಜಿರ್ಕೋನಿಯಂ ಅನ್ನೂ ಒಂದು ಲೋಹ ಬೇಕು, ಫ್ಲೋರೈಡ್ ಬಂದು ಅದನ್ನ ಡಾಟಿನ ಕಡಿಂದ ಎಳಕೊಂಡು ಹೋಗ್ತೈತಿ, ಆಗ ಬೆಳಕು ಬದಲಾಗ್ತೈತಿ. ಲ್ಯಾಬಿನಾಗ ಹಳೇ ಬಣ್ಣದ ಟೆಸ್ಟನೂ ಇದ ಯುಕ್ತಿ ಮ್ಯಾಲೆ ನಡೀತೈತಿ, ಬಣ್ಣಕ್ಕ ಅಂಟಿದ ಜಿರ್ಕೋನಿಯಂ ಬಿಟ್ಟು ಹೋದಂಗ ಕೆಂಪು ತಿಳಿ ಆಕ್ಕೋತ ಹೋಗ್ತೈತಿ.

ತಮ್ಮಗ ಇಷ್ಟು ಹೇಳ್ರಿ: ಡಿಸ್ಟಿಲ್ಡ್ ವಾಟರಿಗೆ ಕಾಲೇಜಿನಾಗಿರೂ ಸೋಡಿಯಂ ಫ್ಲೋರೈಡ್ ಅಷ್ಟ ಹಾಕಿ ನೋಡು, ಇನ್ನೊಂದು ಟ್ಯೂಬಿಗೆ ಕಬ್ಬಿಣದ ಉಪ್ಪು. ಯಾವುದು ಆರಿಸ್ತು ಅಂತ ಕಣ್ಣಾರೆ ಕಾಣ್ತೈತಿ.

ನೀವು ಮಾತ್ರ ಆ ರಿಸಲ್ಟಿಗೆ ಕಾಯಬ್ಯಾಡ್ರಿ. ಗಾಜಿಂದಲ್ಲ, ಸ್ವಚ್ಛ ಪ್ಲಾಸ್ಟಿಕ್ ಬಾಟ್ಲಿಯೊಳಗ ನೀರು ತುಂಬಿ ಗದಗಿನ ಜಿಲ್ಲಾ ನೀರು ಪರೀಕ್ಷೆ ಲ್ಯಾಬಿಗೆ ಕೊಡ್ರಿ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬ್ಯಾರೆ ನೀರ ಇಲ್ಲಂದ್ರ 1.5 ತನಕ. ಅಲ್ಲೀ ತನಕ ಕುದಿಸಿದ್ರ ಹೋಗ್ತೈತಿ ಅಂತ ಕುದಿಸಬ್ಯಾಡ್ರಿ, ನೀರು ಆವಿಯಾಗಿ ಉಳದಿದ್ರಾಗ ಅದು ಹೆಚ್ಚ ಆಗ್ತೈತಿ.