1848ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ವ್ಯಾನ್ ಬ್ಯೂರೆನ್‌ಗೆ ಶೇ. 10 ಮತ ಬಂದರೂ ಒಬ್ಬ ಎಲೆಕ್ಟರ್ ಕೂಡ ಸಿಗಲಿಲ್ಲವೇಕೆ?

ಯಾವ ರಾಜ್ಯದಲ್ಲೂ ಅವರು ಮೊದಲ ಸ್ಥಾನಕ್ಕೆ ಬರಲಿಲ್ಲ, ಅದಕ್ಕೆ. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ಎಲೆಕ್ಟರ್‌ಗಳು, ಅಂದರೆ ರಾಜ್ಯವಾರು ಪ್ರತಿನಿಧಿಗಳು. ಬಹುತೇಕ ಎಲ್ಲ ರಾಜ್ಯಗಳಲ್ಲೂ ಗೆದ್ದವನಿಗೆ ಅಲ್ಲಿನ ಎಲ್ಲ ಎಲೆಕ್ಟರ್‌ಗಳು; ಎರಡನೆಯವನಿಗೆ ಸೊನ್ನೆ.

ಮಾಜಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಡೆಮಾಕ್ರಟಿಕ್ ಪಕ್ಷದಿಂದ ಸಿಡಿದು, ಹೊಸ ಪ್ರದೇಶಗಳಿಗೆ ಗುಲಾಮಗಿರಿ ಹಬ್ಬಬಾರದು ಎನ್ನುವ ಫ್ರೀ ಸಾಯಿಲ್ ಪಕ್ಷದಿಂದ ನಿಂತಿದ್ದರು. ಬಂದದ್ದು ಸುಮಾರು 2.9 ಲಕ್ಷ ಮತ, ಹೆಚ್ಚುಕಡಿಮೆ ಎಲ್ಲವೂ ಉತ್ತರದಲ್ಲೇ. ಆಗ ಸರ್ಕಾರಿ ಮತಪತ್ರ ಇರಲಿಲ್ಲ, ಪಕ್ಷಗಳೇ ಚೀಟಿ ಮುದ್ರಿಸಿ ಹಂಚಬೇಕಿತ್ತು. ಗುಲಾಮಗಿರಿಯ ದಕ್ಷಿಣದಲ್ಲಿ ಇವರ ಚೀಟಿ ಹಂಚುವವರು ಯಾರು? ಇಡೀ ವರ್ಜೀನಿಯಾದಲ್ಲಿ ಬಿದ್ದದ್ದು 9 ಮತ!

ತವರಾದ ನ್ಯೂಯಾರ್ಕಿನ ಲೆಕ್ಕ ನೋಡಿ: ಡೆಮಾಕ್ರಟರ ಮುಖ್ಯ ಎದುರಾಳಿ ವಿಗ್ ಪಕ್ಷದ ಟೇಲರ್ ಸುಮಾರು 2.18 ಲಕ್ಷ, ವ್ಯಾನ್ ಬ್ಯೂರೆನ್ 1.20 ಲಕ್ಷ, ಅಧಿಕೃತ ಡೆಮಾಕ್ರಟಿಕ್ ಅಭ್ಯರ್ಥಿ ಕ್ಯಾಸ್ 1.14 ಲಕ್ಷ. ಕೊನೆಯ ಇಬ್ಬರದ್ದು ಕೂಡಿಸಿದರೆ ಟೇಲರ್‌ಗಿಂತ ಹೆಚ್ಚು, ಆದರೂ 36 ಎಲೆಕ್ಟರ್‌ಗಳೂ ಟೇಲರ್ ಪಾಲು. ದೇಶದ ಲೆಕ್ಕ ಟೇಲರ್ 163, ಕ್ಯಾಸ್ 127. ಆ 36 ಕ್ಯಾಸ್ ಕಡೆಗೆ ಬಂದಿದ್ದರೆ ಅಂಕಿ ನೇರ ತಿರುವುಮುರುವು. (ಒಡಕಿಲ್ಲದಿದ್ದರೆ ಆ ಮತವೆಲ್ಲ ಕ್ಯಾಸ್‌ಗೇ ಹೋಗುತ್ತಿತ್ತು ಎನ್ನಲಾಗದು, ವಿಗ್ ಮತದಾರರೂ ವ್ಯಾನ್ ಬ್ಯೂರೆನ್ ಜತೆಗಿದ್ದರು.)

ಮತ ಒಂದೆಡೆ ಗುಂಪಾಗಿದ್ದರೆ ಕಥೆಯೇ ಬೇರೆ: 1860ರಲ್ಲಿ ಸಿಡಿದ ದಕ್ಷಿಣದ ಡೆಮಾಕ್ರಟ್ ಬ್ರೆಕಿನ್‌ರಿಜ್ ಸೋತರೂ, ಶೇ. 18 ಮತಕ್ಕೆ 72 ಎಲೆಕ್ಟರ್‌ಗಳನ್ನು ಗಳಿಸಿದರು.